ಮಾಹೆಯೋ, ಮಂಗಳೂರು ವಿ.ವಿ.ಯೋ?

ಇನ್ನಂಜೆಯ ಮನೆಯಲ್ಲಿ ಮಗಳು ಅರ್ಥಶಾಸ್ತ್ರ ಓದುತ್ತೇನೆ ಅಂದರೆ ಸಾಕು, ಚಾವಡಿಯಲ್ಲಿ ಬಜೆಟ್ ಅಧಿವೇಶನ ಶುರು. ಮಾವನದ್ದು ಮಣಿಪಾಲದ ಮಾಹೆ ವಿ.ವಿ.ಯ ಪಕ್ಷ: "ಮುಂಬೈ ಕಂಪನಿಯವರು ಹೆಸರು ಕೇಳಿಯೇ ಕುರ್ಚಿ ಕೊಡ್ತಾರೆ ಮಾರಾಯ್ರೆ!" ಅಪ್ಪನದ್ದು ಮಂಗಳೂರು ವಿ.ವಿ.; ಅದರ ಅಡಿಯ ಉಡುಪಿಯ ಎಂ.ಜಿ.ಎಂ. ಕಾಲೇಜಾದರೆ ಬಸ್ ಪಾಸಿನಲ್ಲೇ ಮುಗಿಯಿತು. ಫೀಸಿನ ಅಂಕಿ ಕಂಡ ಮೇಲೆ ಮನೆಯಲ್ಲಿ ನಿಜವಾದ ಅರ್ಥಶಾಸ್ತ್ರಜ್ಞ ಅಪ್ಪನೇ.

ಅಜ್ಜಿಗೆ ಎರಡೂ ಬೇಡ; ಬ್ಯಾಂಕು ಕಟ್ಟಲು ಅರ್ಥಶಾಸ್ತ್ರವೇ ಯಾಕೆ ಅನ್ನೋದು ಅಜ್ಜಿಯ ವಾದ. ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿಯನ್ನು 1928ರಲ್ಲಿ ಶುರುಮಾಡಿದ ಟಿ.ಎಂ.ಎ. ಪೈ ಓದಿದ್ದು ಡಾಕ್ಟರಿಕೆ! ಅವರ ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದದ್ದನ್ನು ಅಜ್ಜಿ ಇನ್ನೂ ಒಪ್ಪಿಲ್ಲ, ಅದು ಬೇರೆ ಮಾತು.

ನನ್ನ ತೀರ್ಪು: ಸ್ಕಾಲರ್‌ಶಿಪ್ ಸಿಕ್ಕಿದರೆ ಮಣಿಪಾಲ, ಇಲ್ಲವೇ ಎಂ.ಜಿ.ಎಂ. ಸೇರಿ, ಉಳಿದ ದುಡ್ಡನ್ನು ಎಂ.ಬಿ.ಎ.ಗೆ ಇಡಿ.