ಹತ್ತು ಬೆರಳಿನ ಮೇಷ್ಟ್ರು

ಪೀಣ್ಯದ ಒಳರಸ್ತೆಗಳಲ್ಲಿ, ಬೆಳಗಾವಿಯ ಉದ್ಯಮಬಾಗದಲ್ಲಿ, ಹುಬ್ಬಳ್ಳಿಯ ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ಇವರು ಸಿಗುತ್ತಾರೆ. ಐಟಿಐಯಲ್ಲಿ ಟರ್ನರ್ ಟ್ರೇಡಿಗೆ ಪಾಠ ಹೇಳಿ ನಿವೃತ್ತರಾದವರು. ಪಿಂಚಣಿ ಬರುತ್ತದೆ, ಮನೆಯಲ್ಲಿ ಕೂರಲು ಬರುವುದಿಲ್ಲ. ಹಳೆಯ ಶಿಷ್ಯನೊಬ್ಬ ಮಾಲೀಕನಾಗಿರುವ ವರ್ಕ್‌ಶಾಪಿನಲ್ಲಿ ಒಂದು ಸ್ಟೂಲು ಹಾಕಿಸಿಕೊಂಡು, ಹೊಸ ಹುಡುಗರನ್ನು ಬೈಯುವ ಗೌರವ ಹುದ್ದೆಯಲ್ಲಿರುತ್ತಾರೆ. ಹೆಸರೇನೆಂದು ಕೇಳಿದರೆ ಅಲ್ಲಿ ಯಾರಿಗೂ ನೆನಪಿಲ್ಲ. ಮೇಷ್ಟ್ರು, ಅಷ್ಟೆ.

ಇವರ ಬಳಿ ಇರುವ ಪ್ರಮಾಣಪತ್ರ ಒಂದೇ. ಹೊಸಬ ಬಂದ ಕೂಡಲೇ ಎರಡೂ ಕೈ ಎತ್ತಿ ಬೆರಳು ಅಗಲಿಸುತ್ತಾರೆ. "ಎಣಿಸು." ಹುಡುಗ ಗಾಬರಿಯಲ್ಲಿ ಹತ್ತು ಎನ್ನುತ್ತಾನೆ. "ಜೀವಮಾನ ಪೂರ್ತಿ ಲೇತಿನ ಮುಂದೆ ನಿಂತಿದ್ದೀನಿ. ಸ್ಟಾಕ್ ಕರೆಕ್ಟಾಗಿದೆ ನೋಡ್ಕೋ." ಜಂಭವೇ ಇರಬಹುದು. ಆದರೆ ಪವರ್ ಪ್ರೆಸ್ಸುಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ, ಹಳಬರು ನಮಸ್ಕಾರಕ್ಕೆ ಎತ್ತಿದ ಕೈಗಳನ್ನು ಕಂಡವರಿಗೆ ಅದು ಸಣ್ಣ ಜಂಭ ಅನ್ನಿಸುವುದಿಲ್ಲ.

ಎಣಿಕೆ ಮುಗಿದ ಮೇಲೆ ಜಪ್ತಿ. ವಾಚು ಬಿಚ್ಚು, ಉಂಗುರ ಬಿಚ್ಚು, ತುಂಬು ತೋಳನ್ನು ಮೊಣಕೈ ಮೇಲಕ್ಕೆ ಮಡಚು, ಅಂಗಿ ಒಳಗೆ ಸಿಕ್ಕಿಸು. ಮಣಿಕಟ್ಟಿನಲ್ಲಿ ದೇವಸ್ಥಾನದ ದಾರವಿದ್ದರೆ ಅದೂ ಹೊರಗೆ. "ಸಾರ್, ಧರ್ಮಸ್ಥಳದ್ದು" ಎಂದು ಹುಡುಗ ರಾಗ ಎಳೆದರೆ, "ಮಂಜುನಾಥಸ್ವಾಮಿ ಏನೂ ಅನ್ಕೊಳ್ಳಲ್ಲ, ಜೇಬಲ್ಲಿಟ್ಕೋ. ಲೇತಿಗೆ ದೇವರೂ ಗೊತ್ತಿಲ್ಲ, ದಿಂಡರೂ ಗೊತ್ತಿಲ್ಲ" ಎನ್ನುತ್ತಾರೆ. ಈಚೆಗೆ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗರೂ ಶನಿವಾರ ಶನಿವಾರ ಕಲಿಯಲು ಬರುತ್ತಾರಲ್ಲ, ಅವರ ಕೊರಳ ಐಡಿ ಕಾರ್ಡಿನ ಪಟ್ಟಿಯನ್ನು ಕಂಡರಂತೂ ಮೇಷ್ಟ್ರಿಗೆ ಮೈಯೆಲ್ಲ ಉರಿ. "ನೇಣು ಮನೆಯಿಂದಲೇ ಹಾಕ್ಕೊಂಡು ಬಂದಿದ್ದಾನೆ!"

1948ರ ಫ್ಯಾಕ್ಟರಿ ಕಾಯ್ದೆಯ 22ನೇ ಸೆಕ್ಷನ್ ಇವರಿಗೆ ಬಾಯಿಪಾಠ. ಓಡುವ ಯಂತ್ರದ ಹತ್ತಿರ ಎಣ್ಣೆ ಬಿಡಲು, ಬೆಲ್ಟು ಸರಿಪಡಿಸಲು ಹೋಗುವವನು ಮೈಗೊಪ್ಪುವ ಬಿಗಿಯಾದ ಬಟ್ಟೆ ತೊಟ್ಟಿರಬೇಕು, ಆ ಬಟ್ಟೆಯನ್ನು ಕಾರ್ಖಾನೆಯವರೇ ಒದಗಿಸಬೇಕು ಎಂದು ಅದರಲ್ಲಿ ಬರೆದಿದ್ದರು. ಈ ಎರಡನೆಯ ಅರ್ಧ ಬರುವ ಹೊತ್ತಿಗೆ ಮಾಲೀಕ ಶಿಷ್ಯನಿಗೆ ಯಾವಾಗಲೂ ಒಂದು ಅರ್ಜೆಂಟ್ ಫೋನ್ ಬಂದಿರುತ್ತದೆ.

ಲೇತು ಕಲಿಯಲು ಬಂದವನಿಗೆ ಮೊದಲು ಸಿಗುವುದು ಲೇತಲ್ಲ, ಫೈಲು. ವೈಸಿನಲ್ಲಿ ಒಂದು ತುಂಡು ಮೈಲ್ಡ್ ಸ್ಟೀಲ್ ಪಟ್ಟಿ, ಕೈಯಲ್ಲಿ ಹಿಡಿಯಿರುವ ಫೈಲು. ಹಿಡಿಯಿಲ್ಲದ ಫೈಲನ್ನು ಮುಟ್ಟಿದರೆ ಅದರ ಚೂಪು ಬಾಲ ಅಂಗೈಗೆ ನುಗ್ಗುತ್ತದೆ. ಮುಂದಕ್ಕೆ ತಳ್ಳುವಾಗ ಒತ್ತು, ಹಿಂದಕ್ಕೆ ಎಳೆಯುವಾಗ ಹಗುರ. ತಿಕ್ಕಿ ತಿಕ್ಕಿ ಹೆಗಲು ಬಿದ್ದುಹೋದ ಮೇಲೆ ಹುಡುಗ ಅಂಚಿಗೆ ಟ್ರೈ ಸ್ಕ್ವೇರ್ ಇಟ್ಟು, ಸಂದಿನಲ್ಲಿ ಬೆಳಕು ನುಸುಳುತ್ತದೆಯೇ ಎಂದು ಕಿಟಕಿಯ ಕಡೆ ಹಿಡಿದು ತೋರಿಸುತ್ತಾನೆ. ಮೇಷ್ಟ್ರು ಒಂದು ಕಣ್ಣು ಮುಚ್ಚುತ್ತಾರೆ. "ಬದುಕಲ್ಲಿ ಬೆಳಕು ಕಾಣಬೇಕು ಅಂತಾರೆ. ನನ್ನ ಹತ್ರ ಬೆಳಕು ಕಂಡರೆ ರಿಜೆಕ್ಟ್. ಮತ್ತೆ ತಿಕ್ಕು."

ಕೊನೆಗೊಂದು ದಿನ ಲೇತಿನ ಮುಂದೆ ನಿಲ್ಲಿಸುತ್ತಾರೆ. ಅದು ಹರಿಹರದ ಕಿರ್ಲೋಸ್ಕರ್ ಲೇತೇ ಆಗಿರಬೇಕು, ಇಲ್ಲವೇ ಜಾಲಹಳ್ಳಿಯ ಎಚ್‌ಎಂಟಿ. ಉಳಿದವು ಯಂತ್ರಗಳಲ್ಲ, ಆಟಿಕೆ. ಎಚ್‌ಎಂಟಿ ಎಂದರೆ ಜನಕ್ಕೆ ಗಡಿಯಾರ ನೆನಪಾಗುತ್ತದೆಂಬುದು ಇವರ ಆಜನ್ಮ ಕೊರಗು. 1953ರಲ್ಲಿ ಹುಟ್ಟಿದ್ದು ಮೆಷಿನ್ ಮಾಡಲು, ಗಡಿಯಾರ ಬಂದದ್ದು 1961ರಲ್ಲಿ, ಎಂದು ಟೀ ಕೊಡುವ ಹುಡುಗನಿಗೂ ತಿದ್ದಿ ಹೇಳಿದ್ದಾರೆ. ಹರಿಹರದ ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿದೆ. ಆ ವಿಷಯ ಅವರೆದುರು ಯಾರೂ ಎತ್ತುವುದಿಲ್ಲ.

ಲೇತಿನಲ್ಲಿ ಅವರ ಕಾಯಂ ಶತ್ರು ಚಕ್ ಕೀ, ಅಂದರೆ ಸರಳನ್ನು ಕಚ್ಚಿ ತಿರುಗಿಸುವ ಚಕ್ಕನ್ನು ಬಿಗಿಯುವ ಕೀಲಿ. ಚಕ್ಕಿನಲ್ಲಿ ಕೀ ಬಿಟ್ಟು ಸ್ವಿಚ್ ಹಾಕಿದರೆ ಆ ಕಬ್ಬಿಣದ ತುಂಡು ಯಾರ ಹಣೆಯನ್ನು ಹುಡುಕಿಕೊಂಡು ಹೋಗುತ್ತದೋ ಹೇಳಲಾಗದು. ಆದ್ದರಿಂದ ಶಾಸನ: ಕೀ ಚಕ್ಕಿನಲ್ಲಿರುವಷ್ಟು ಹೊತ್ತು ಕೈ ಕೀಯ ಮೇಲಿರಬೇಕು. ತಪ್ಪಿದವನು ಅವತ್ತಿಡೀ ಅದನ್ನು ಹೊತ್ತು ತಿರುಗಬೇಕು. ಪೀಣ್ಯದ ಕಡೆ ಟೀ ಅಂಗಡಿಯಲ್ಲಿ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಕೈಯಲ್ಲಿ ಚಕ್ ಕೀ ಹಿಡಿದು ನೆಲ ನೋಡುತ್ತ ನಿಂತ ಹುಡುಗನನ್ನು ಕಂಡರೆ ಕಾರಣ ಕೇಳಬೇಡಿ, ಪಾಪ.

ಈಗ ಅವರ ವಿಚಿತ್ರ ಕೇಳಿ. ಹುಡುಗ 26 ಮಿಲಿಮೀಟರಿನ ಸರಳನ್ನು 25ಕ್ಕೆ ಇಳಿಸಬೇಕು. ಒಂದು ಮಿಲಿಮೀಟರ್ ತಾನೇ ಎಂದು ಟೂಲನ್ನು ಅಷ್ಟೇ ಒಳಕ್ಕೆ ಕೊಡುತ್ತಾನೆ. ಸರಳು ತಿರುಗುತ್ತಿರುವುದರಿಂದ ಟೂಲು ಸುತ್ತಲೂ ಒಂದೊಂದು ಮಿಲಿಮೀಟರ್ ತಿಂದು, ಸರಳು 24ಕ್ಕೆ ಬಂದು ನಿಲ್ಲುತ್ತದೆ. ಇದೆಲ್ಲ ಆಗುವುದನ್ನು ಮೇಷ್ಟ್ರು ಸ್ಟೂಲಿನ ಮೇಲೆ ಕೂತು ಹಾಯಾಗಿ ನೋಡುತ್ತಾರೆ, ಒಂದು ಮಾತೂ ಆಡುವುದಿಲ್ಲ. ಅದೇ ಹುಡುಗ ಟೂಲಿನ ತುದಿಗೆ ಸುತ್ತಿಕೊಂಡ ನೀಲಿ ಸುರುಳಿಯನ್ನು ಎಳೆಯಲು ಕೈ ಚಾಚಿದನೋ, ಪಕ್ಕದ ಶೆಡ್ಡಿನಲ್ಲೂ ಮೆಷಿನ್ ಆಫ್ ಆಗುವಂಥ ಕೂಗು. ಆ ಸುರುಳಿ ಬ್ಲೇಡಿಗಿಂತ ಹರಿತ. ಮೊದಲು ಲೇತು ನಿಲ್ಲಬೇಕು, ಆಮೇಲೆ ಕೊಕ್ಕೆಯಿಂದಲೋ ಬ್ರಶ್ಶಿನಿಂದಲೋ ತೆಗೆಯಬೇಕು. ಕಬ್ಬಿಣ ಹೋಗುವ ತಪ್ಪಿಗೆ ಮೌನ, ಬೆರಳು ಹೋಗುವ ತಪ್ಪಿಗೆ ಗುಡುಗು, ಇದು ಅವರ ಸಿಲಬಸ್ಸು. ಮಾಲೀಕನ ಸಿಲಬಸ್ಸು ಸ್ವಲ್ಪ ಬೇರೆ, ಏಕೆಂದರೆ ಕಬ್ಬಿಣದ ಬಿಲ್ಲು ಅವನ ಹೆಸರಿಗೆ ಬರುತ್ತದೆ.

ಬೆಂಚ್ ಗ್ರೈಂಡರಿಗೆ ಹೊಸ ಕಲ್ಲು ಹಾಕುವ ದಿನ ಮೇಷ್ಟ್ರು ಬೇರೆಯೇ ಮನುಷ್ಯ. ಕಲ್ಲನ್ನು ಬೆರಳಿಗೆ ನೇತುಹಾಕಿ, ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ತಟ್ಟಿ, ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರಂತೆ ಕಿವಿಯಿಡುತ್ತಾರೆ. ಠಣ್ ಎಂದರೆ ಕಲ್ಲು ಗಟ್ಟಿ, ಬದ್ ಎಂದರೆ ಒಳಗೆ ಬಿರುಕು. ಬಿರುಕಿನ ಕಲ್ಲು ಓಡುವಾಗ ಸಿಡಿಯುತ್ತದೆ. ಗಟ್ಟಿ ಕಲ್ಲಾದರೂ ಸ್ವಿಚ್ ಹಾಕುವಾಗ ಎದುರಿಗೆ ನಿಲ್ಲುವುದಿಲ್ಲ, ಪಕ್ಕಕ್ಕೆ ಸರಿದು ಒಂದು ನಿಮಿಷ ಬರಿದೇ ಓಡಲು ಬಿಡುತ್ತಾರೆ. ಆ ಒಂದು ನಿಮಿಷ ಅವರು ಯಾರನ್ನೂ ಬೈಯುವುದಿಲ್ಲ.

ಮಾರ್ಚ್ 4, ರಾಷ್ಟ್ರೀಯ ಸುರಕ್ಷತಾ ದಿನ, ಅವರಿಗೆ ವರ್ಷದ ಕೆಟ್ಟ ದಿನ. ಬ್ಯಾನರ್ ಕಟ್ಟುತ್ತಾರೆ, ಪ್ರತಿಜ್ಞೆ ಓದಿಸುತ್ತಾರೆ, ಕಾಜೂ ಬರ್ಫಿ ಹಂಚುತ್ತಾರೆ. ಆಮೇಲೆ ಹುಡುಗರಿಗೆಲ್ಲ ಹೊಸ ಕೈಗವಸು ತೊಡಿಸಿ, ಓಡುವ ಲೇತಿನ ಪಕ್ಕ ನಿಲ್ಲಿಸಿ ಫೋಟೋ. ತಿರುಗುವ ಯಂತ್ರದ ಹತ್ತಿರ ಕೈಗವಸು ಹಾಕಲೇಬಾರದು. ಬರಿಗೈಗೆ ತಾಗಿದರೆ ಚರ್ಮ ಹೋದೀತು, ಕೈಗವಸು ಸಿಕ್ಕಿಕೊಂಡರೆ ಅದು ಕೈಯನ್ನೇ ಒಳಕ್ಕೆಳೆಯುತ್ತದೆ. ಇದನ್ನು ಮೇಷ್ಟ್ರು ಕೋಟು ತೊಟ್ಟವರಿಗೆ ವಿವರಿಸಲು ಹೋದಾಗ ಅವರು "ವೆರಿ ಗುಡ್ ಪಾಯಿಂಟ್" ಎಂದು ಬರ್ಫಿ ಮುಂದಿಟ್ಟರು. ಆಮೇಲಿಂದ ಮೇಷ್ಟ್ರು ಆ ದಿನ ರಜೆ ಹಾಕತೊಡಗಿದ್ದಾರೆ. ಆಯುಧಪೂಜೆಗೆ ಮಾತ್ರ ತಪ್ಪದೆ ಬರುತ್ತಾರೆ. ಲೇತಿಗೆ ಕುಂಕುಮ ಹಚ್ಚುವ ಮುಂಚೆ ಮೇನ್ ಸ್ವಿಚ್ ಆಫ್ ಆಗಿದೆಯೇ ಎಂದು ಪುರೋಹಿತರನ್ನೂ ವಿಚಾರಿಸುತ್ತಾರೆ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ವರ್ಷ ಟರ್ನರ್ ಟ್ರೇಡಿಗೆ ಸೇರಿದ್ದರೆ ದಯವಿಟ್ಟು ಲೇತಿಗೆಂದು ಕೈಗವಸು ಕೊಡಿಸಬೇಡಿ. ಕಣ್ಣಿಗೆ ಒಳ್ಳೆಯ ಗಾಗಲ್ಸ್, ಕಾಲಿಗೆ ಮುಂಭಾಗ ಗಟ್ಟಿಯಿರುವ ಬೂಟು ಕೊಡಿಸಿ. ಬೈಗುಳ ಅಲ್ಲೇ ಸಿಗುತ್ತದೆ, ಉಚಿತವಾಗಿ.