ಕೊಂದವನು ಡ್ರೈವರ್

ಲೈಬ್ರರಿ ಪುಸ್ತಕದಲ್ಲಿ ಗೀಚುವವರನ್ನು ಬೈಯುತ್ತಲೇ ಬೆಳೆದವನು ನಾನು. ಗೀಚಿದ್ದನ್ನು ಒಂದಕ್ಷರ ಬಿಡದೆ ಓದುತ್ತಲೂ ಬೆಳೆದೆ. ನಮ್ಮೂರ ವಾಚನಾಲಯದ ಪತ್ತೇದಾರಿ ಕಾದಂಬರಿಯೊಂದರ ಮೂರನೇ ಪುಟದಲ್ಲೇ ಯಾರೋ ಪುಣ್ಯಾತ್ಮ ‘ಕೊಂದವನು ಡ್ರೈವರ್’ ಎಂದು ಬರೆದಿಟ್ಟಿದ್ದ. ಹಲ್ಲು ಕಚ್ಚಿಕೊಂಡು ಕೊನೆಯವರೆಗೂ ಓದಿದೆ. ಕೊಂದವನು ವಕೀಲ! ಗೀಚಿದವನ ಮೇಲೆ ನನಗೆ ಅಂದಿನಿಂದ ಗೌರವ.

ಈಗ ನೋಡಿದರೆ, ‘ಬನ್ನಿ, ಪುಸ್ತಕದಲ್ಲಿ ನಿಮ್ಮ ಹೆಸರು ಬರೆಯಿರಿ’ ಎಂದು ಕರೆದ ಲೈಬ್ರರಿಯೂ ಒಂದಿತ್ತಂತೆ. ಇಂಗ್ಲೆಂಡಿನ ಎಡ್ಮಂಡ್ ಡಿ ವಾಲ್ 2019ರಲ್ಲಿ ವೆನಿಸ್ಸಿನಲ್ಲಿ ಕಟ್ಟಿದ ‘ಲೈಬ್ರರಿ ಆಫ್ ಎಕ್ಸೈಲ್’. ಈತ ಲೇಖಕ, ಅದಕ್ಕೂ ಮೊದಲು ಕುಂಬಾರ, ಪಿಂಗಾಣಿ ಕುಂಬಾರ. ಒಳಗೆ ದೇಶ ಬಿಡಬೇಕಾಗಿ ಬಂದ ಲೇಖಕರ ಸುಮಾರು 2000 ಪುಸ್ತಕ, ಪ್ರಾಚೀನ ರೋಮಿನ ಕವಿ ಓವಿಡ್‌ನಿಂದ ಹಿಡಿದು ಇಂದಿನವರ ತನಕ. ಹೊರಗೋಡೆಗೆ ಪಿಂಗಾಣಿ ಮಣ್ಣು ಬಳಿದು, ಅದರ ಮೇಲೆ ಹಾಳಾದ ಲೈಬ್ರರಿಗಳ ಹೆಸರು.

ಅದು ಅಲ್ಲಿಂದ ಜರ್ಮನಿಯ ಡ್ರೆಸ್ಡನ್‌ನ ಜಪಾನೀ ಅರಮನೆಗೆ ಬಂತು. ಈ ಅರಮನೆಯ ಸುದ್ದಿ ಹೇಳದೆ ಮುಂದೆ ಹೋಗಲಾರೆ. ಸ್ಯಾಕ್ಸನಿಯ ದೊರೆ ಅಗಸ್ಟಸ್‌ನಿಗೆ ಪಿಂಗಾಣಿಯ ಹುಚ್ಚು. ಅದನ್ನೆಲ್ಲ ಜೋಡಿಸಿಡಲೆಂದೇ ಈ ಅರಮನೆ. 1717ರಲ್ಲಿ ಪ್ರಷ್ಯದ ದೊರೆಗೆ 600 ಸೈನಿಕರನ್ನು ಕೊಟ್ಟು 151 ಪಿಂಗಾಣಿ ಪಾತ್ರೆ ತಂದ. ಪಾತ್ರೆಗೆ ಹೆಚ್ಚುಕಡಿಮೆ ನಾಲ್ಕಾಳು! ಹಳೇ ಸೀರೆ ಕೊಟ್ಟು ಸ್ಟೀಲ್ ಡಬರಿ ಕೊಳ್ಳುತ್ತಿದ್ದ ನಮ್ಮಜ್ಜಿ ಮೇಲೊಂದು ಸೌಟು ಕೊಡದೆ ಪಾತ್ರೆಯವಳನ್ನು ಬಾಗಿಲು ದಾಟಗೊಡುತ್ತಿರಲಿಲ್ಲ.

ಮುಂದೆ ಅದೇ ಅರಮನೆ ಗ್ರಂಥಾಲಯವಾಯಿತು, 1945ರಲ್ಲಿ ಬಾಂಬಿಗೆ ಸಿಕ್ಕಿತು. ನೆಲಮಾಳಿಗೆಯಲ್ಲಿದ್ದ ಮಾಯಾ ಜನರ ಪುರಾತನ ಹೊತ್ತಗೆ ಬೆಂಕಿಗೆ ದಕ್ಕಲಿಲ್ಲ, ನೀರಿಗೆ ನೆನೆಯಿತು.

ಅಂಥ ಕಡೆ ಈ ಪುಸ್ತಕಗಳು. ಪ್ರತಿಯೊಂದರೊಳಗೂ ಒಂದು ಚೀಟಿ. ನಮ್ಮ ಲೈಬ್ರರಿಯ ಚೀಟಿಯಲ್ಲಿ ತಾರೀಖಿನ ಮುದ್ರೆ, ತಡವಾದರೆ ದಂಡ. ಇಲ್ಲಿ ಮನಸ್ಸಿಗೆ ಹತ್ತಿರದ ಪುಸ್ತಕ ಹುಡುಕಿ ಹೆಸರು ಬರೆದರಾಯಿತು. ನಾನಾಗಿದ್ದರೆ ಯಾವುದಾದರೂ ದಪ್ಪ ಪುಸ್ತಕವನ್ನೇ ಆರಿಸುತ್ತಿದ್ದೆ. ಓದಿದ್ದೇನೆಂದಲ್ಲ, ಪಕ್ಕದಲ್ಲಿ ನಿಂತವರು ನೋಡುತ್ತಾರಲ್ಲ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಸುತ್ತಿ ಬಂದ ಮೇಲೆ ಪುಸ್ತಕಗಳೆಲ್ಲ ಇರಾಕಿನ ಮೊಸುಲ್ ವಿಶ್ವವಿದ್ಯಾಲಯಕ್ಕೆ ಹೋದವು. ಅಲ್ಲಿನ ಲೈಬ್ರರಿ ಐಸಿಸ್‌ನವರ ಕಾಲದಲ್ಲಿ ಹಾಳಾಗಿತ್ತು. ಈಗ ಅಲ್ಲಿ ಯಾವಳೋ ಹುಡುಗಿ ರಟ್ಟು ತೆರೆದರೆ ಎದುರಿಗೆ ಗುರುತು ಪರಿಚಯವಿಲ್ಲದ ಊರಿನ ಯಾರದೋ ಹೆಸರು. ಪೆನ್ನು ಕೈಲಿದ್ದರೆ ಅದರ ಕೆಳಗೆ ತನ್ನದನ್ನೂ ಸೇರಿಸಿಯಾಳು, ಲೈಬ್ರರಿಯನ್ ಅತ್ತ ತಿರುಗಿದ್ದರೆ.