ಕಣಕಿ ಬಣವಿಯ ಯೆಜ್ಡಿ: ಒಂದು ಗ್ರಂಥ ಸಂಪಾದನೆ
(ಕಿತ್ತೂರು ನಾಡಿನ ಅಪ್ಪ–ಮಗಳ ಪಾಠಭೇದ ವಿಚಾರ)

ತಾಳೆಗರಿ ಕಟ್ಟು ಅಟ್ಟದ ಮೇಲೆ ಸಿಗುತ್ತದೆ, ಹಳೆ ಮೋಟಾರ್ ಸೈಕಲ್ಲು ಕಣಕಿ ಬಣವಿಯ ಹಿಂದೆ ಸಿಗುತ್ತದೆ. ಎರಡಕ್ಕೂ ಶತ್ರುಗಳು ಒಂದೇ: ಗೆದ್ದಲು, ಇಲಿ, ಮತ್ತು “ಇದನ್ಯಾಕ ಇಟಗೊಂಡ ಕುಂತೀರಿ, ತೂಕಕ್ಕ ಹಾಕ್ರಿ” ಎನ್ನುವ ಮನೆಮಂದಿ. ಇಷ್ಟು ಸಾಮ್ಯವಿದ್ದರೂ ಕನ್ನಡ ವಿದ್ವತ್ತು ಮೊದಲನೆಯದಕ್ಕೆ ಶಾಸ್ತ್ರ ಕಟ್ಟಿತು, ಎರಡನೆಯದನ್ನು ಮಿಸ್ತ್ರಿಗಳ ಪಾಲಿಗೆ ಬಿಟ್ಟಿತು. ‘ಕನ್ನಡ ಗ್ರಂಥ ಸಂಪಾದನೆ’ ಬರೆದ ಡಿ.ಎಲ್. ನರಸಿಂಹಾಚಾರ್ಯರು ಮೈಸೂರಿನ ವಿದ್ವಾಂಸರು. ಅದೇ ಮೈಸೂರಿನ ಯಾದವಗಿರಿಯಲ್ಲಿ ರುಸ್ತುಂ ಇರಾನಿ, ಫಾರೋಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಗಾಡಿ ತಯಾರಿಸಿತು. ಒಂದೇ ಊರಿನ ಈ ಎರಡು ಪರಂಪರೆಗಳು ಒಂದನ್ನೊಂದು ಮಾತಾಡಿಸಿದ ದಾಖಲೆಯಿಲ್ಲ. ಆ ಕೊರತೆಯನ್ನು ನೀಗಿಸಲು ಪ್ರಸ್ತುತ ಪ್ರಬಂಧ ಸೊಂಟ ಕಟ್ಟಿದೆ.

ಅಧ್ಯಯನದ ಸೀಮೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ಆಯ್ಕೆ ಆಕಸ್ಮಿಕವಲ್ಲ. ಸವದತ್ತಿ ಒಂದು ಕಾಲಕ್ಕೆ ರಟ್ಟರ ರಾಜಧಾನಿ, ಸವೆದ ಅಕ್ಷರ ಓದುವ ಚಟ ಇಲ್ಲಿಯ ಕಲ್ಲಿಗೇ ಅಂಟಿದ್ದು. ಕನ್ನಡದ ಬೇರು ಹುಡುಕುತ್ತ ಆಯುಷ್ಯ ಕಳೆದ ಶಂ.ಬಾ. ಜೋಶಿ ಹುಟ್ಟಿದ ಗುರ್ಲಹೊಸೂರೂ ಇದೇ ಸೀಮೆಯದು. ಇನ್ನು ಕಿತ್ತೂರಿನ ಬಿದ್ದ ಅರಮನೆಯ ಗೋಡೆಗಳನ್ನು ಶಾಲೆಯ ಟ್ರಿಪ್ಪಿನಲ್ಲಿ ನೋಡಿ ಬಂದ ಮಕ್ಕಳಿಗೆ, ಅರ್ಧ ಉಳಿದದ್ದನ್ನು ಕಂಡು ಪೂರ್ತಿ ಊಹಿಸುವ ವಿದ್ಯೆ ಆಗಲೇ ಕೈವಶ. ಮುಂದೆ ಬರುವ ಮನೆ ಒಂದೇ ಮನೆಯಲ್ಲ, ಈ ಕಡೆಯ ಹಲವು ಅಂಗಳಗಳನ್ನು ಕೂಡಿಸಿ ಕಟ್ಟಿದ ಮಾದರಿ ಮನೆ. ಅದರಲ್ಲಿ ಅಪ್ಪ ಹಿರಿಯ ಸಂಪಾದಕ, ಪಿ.ಯು.ಸಿ. ಓದುವ ಮಗಳು ಕಿರಿಯ ಸಂಪಾದಕಿ. ಅವ್ವ ಈ ಯೋಜನೆಗೆ ಅನುದಾನ ಕೊಡದ ಸಂಸ್ಥೆ.

ಮೊದಲಿಗೆ ಕಾಲನಿರ್ಣಯ. ಸಿಕ್ಕ ಪ್ರತಿಯ ಟ್ಯಾಂಕಿನ ಮೇಲೆ ಯೆಜ್ಡಿ ಎಂದಿದೆ, ಆರ್.ಸಿ. ಪುಸ್ತಕದಲ್ಲಿ ಜಾವಾ ಎಂದಿದೆ. ಇದನ್ನು ಕಂಡು ಸಾಮಾನ್ಯ ಓದುಗ ಕಳವಿನ ಮಾಲೆಂದು ಗಾಬರಿಯಾಗಬಹುದು. ವಿದ್ವಾಂಸ ಆಗಬಾರದು. 1929ರಲ್ಲಿ ಪ್ರಾಗ್ ನಗರದಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಶುರು ಮಾಡಿದ ಜಾವಾ ಕಂಪನಿಯ ಹೆಸರಿನಲ್ಲೇ ಮೈಸೂರಿನವರು ಗಾಡಿ ಮಾರುತ್ತಿದ್ದರು. 1973ರಿಂದ ಯೆಜ್ಡಿ ಎಂಬ ಸ್ವಂತ ಹೆಸರು ಹಿಡಿದರು. ಹಾಗಾದರೆ ನಮ್ಮ ಪ್ರತಿ ಸಂಧಿಕಾಲದ್ದು, ಇಲ್ಲವೇ ಯಾರೋ ನಡುವೆ ಟ್ಯಾಂಕು ಬದಲಿಸಿದ್ದಾರೆ. ಹಿರಿಯ ಸಂಪಾದಕರು ಮೊದಲ ಪಕ್ಷ ಹಿಡಿದರು, ಕಿರಿಯರು ಎರಡನೆಯದನ್ನು. ಎಂಜಿನ್ ನಂಬರೇ ತೀರ್ಪು ಹೇಳಬೇಕಿತ್ತು, ಅದರ ಮೇಲೆ ಎರಿಮಣ್ಣು ಮತ್ತು ಆಯಿಲು ಕೂಡಿ ಕಲ್ಲಾಗಿತ್ತು. ಕಿರಿಯ ಸಂಪಾದಕಿ ಸೀಮೆಎಣ್ಣೆಯಲ್ಲಿ ಹಲ್ಲುಜ್ಜುವ ಬ್ರಷ್ ಅದ್ದಿ ತಿಕ್ಕಿ, ಮೇಲೆ ತೆಳು ಹಾಳೆ ಇಟ್ಟು ಪೆನ್ಸಿಲ್ ಉಜ್ಜಿದಳು. ಅಂಕಿಗಳು ಬಿಳಿದಾಗಿ ಎದ್ದು ಬಂದವು. ಶಾಸನತಜ್ಞರು ಮಸಿ ಹಚ್ಚಿ ತೆಗೆಯುವ ಪಡಿಯಚ್ಚು ಇದೇ. ಆರ್.ಟಿ.ಓ. ಕಚೇರಿಯ ಎದುರು ಮರದ ಕೆಳಗೆ ಕೂತು ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುವ ಏಜೆಂಟರು ಈ ವಿದ್ಯೆಯ ಅಜ್ಞಾತ ಆಚಾರ್ಯರು. ಯಾವ ವಿಶ್ವವಿದ್ಯಾಲಯವೂ ಅವರಿಗೆ ಗೌರವ ಡಾಕ್ಟರೇಟ್ ಕೊಡದಿರುವುದು ಖೇದಕರ.

ಪಾಶ್ಚಾತ್ಯ ಪೂರ್ವಸೂರಿಗಳನ್ನು ಹೆಸರಿಸದೆ ಪ್ರಬಂಧ ಬರೆಯಬಾರದೆಂಬ ನಿಯಮವಿದೆ. ಆದ್ದರಿಂದ ರಾಬರ್ಟ್ ಪಿರ್ಸಿಗ್. ಆತ 1968ರಲ್ಲಿ ಮಗನನ್ನು ಹೋಂಡಾ ಗಾಡಿಯ ಹಿಂದೆ ಕೂರಿಸಿಕೊಂಡು ಅಮೆರಿಕ ಸುತ್ತಿದ, 1974ರಲ್ಲಿ ಗಾಡಿ ರಿಪೇರಿಯ ಹೆಸರು ಹೊತ್ತ ತತ್ವಶಾಸ್ತ್ರದ ಪುಸ್ತಕ ತಂದ. 121 ಪ್ರಕಾಶಕರು ಹಿಂದಿರುಗಿಸಿದ್ದ ಆ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು, ಆ ಗಾಡಿ ಈಗ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದ ಸೊತ್ತು. ಆದರೆ ಪಿರ್ಸಿಗ್‌ನ ಮಗನಿಗೆ ಹನ್ನೊಂದು ವರ್ಷ, ಆತ ಹಿಂದಿನ ಸೀಟಿನ ಪ್ರಯಾಣಿಕ. ಮಕ್ಕಳು ಹದಿನಾರು ಮುಟ್ಟಿ ಸ್ಪ್ಯಾನರ್ ಕೇಳಿದರೆ ತತ್ವಶಾಸ್ತ್ರದ ಗತಿಯೇನು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ನಮ್ಮ ಪ್ರಕರಣದಲ್ಲಿ ಉತ್ತರವಿದೆ. ಕಿರಿಯ ಸಂಪಾದಕಿಯ ನೇಮಕವಾದದ್ದು ಬ್ಯಾಟರಿ ಹಿಡಿಯುವ ಹುದ್ದೆಗೆ. “ಇಲ್ಲೆ ಹಿಡಿಯವಾ ಅಂದ್ರ ಮುಗಲಿಗೆ ಹಿಡೀತಿ” ಎಂಬ ಟಿಪ್ಪಣಿ ಹಸ್ತಪ್ರತಿಯ ಉದ್ದಕ್ಕೂ ಸಿಗುತ್ತದೆ. ಬಡ್ತಿ ಸಿಕ್ಕದ್ದು ಕಾರ್ಬೊರೇಟರಿನ ದಯೆಯಿಂದ. ಸಿಲಿಂಡರಿಗೂ ಅದಕ್ಕೂ ನಡುವಿನ ಸಂದಿಯಲ್ಲಿ ಒಂದು ನಟ್ಟು. ಅಪ್ಪನ ಬೆರಳು ಅಲ್ಲಿ ಹೋಗುವುದಿಲ್ಲ, ಹೋದರೆ ತಿರುಗುವುದಿಲ್ಲ. ಮಗಳು ಕಣ್ಣು ಮುಚ್ಚಿಕೊಂಡು, ಬರೀ ಬೆರಳ ತುದಿಯಿಂದ ನಟ್ಟಿನ ಆರು ಮೂಲೆ ಎಣಿಸಿ, ಎಳೆ ಹಿಡಿಸಿದಳು. ಅಂದಿನಿಂದ ಬ್ಯಾಟರಿ ಹಿಡಿಯುವ ಕೆಲಸ ಹಿರಿಯ ಸಂಪಾದಕರಿಗೆ. ಅವರು ಹಿಡಿದ ಬೆಳಕೂ ಮುಗಿಲಿಗೇ ಹೋಗುತ್ತದೆಂಬುದು ಬೇಗ ಸಾಬೀತಾಯಿತು.

ಈಗ ಪ್ರಧಾನ ವಿವಾದ: ಬಣ್ಣ. ಗಾಡಿಯ ಮೈಮೇಲೆ ಟ್ರ್ಯಾಕ್ಟರಿಗೆ ಹೊಡೆದು ಉಳಿದ ಹಸಿರು. ಹಿರಿಯ ಸಂಪಾದಕರ ಪ್ರಕಾರ ಮೂಲಪಾಠ ಕಪ್ಪು. ಆಧಾರ: ಅಜ್ಜ ಗಾಡಿಯ ಮೇಲೆ ಕಾಲು ಹಾಕಿ, ರುಮಾಲು ಸುತ್ತಿ ತೆಗೆಸಿಕೊಂಡ ಫೋಟೋ. ಅದರಲ್ಲಿ ಗಾಡಿ ಕಪ್ಪಗೆ, ಟ್ಯಾಂಕಿನ ಮಗ್ಗುಲು ಬೆಳ್ಳಗೆ ಹೊಳೆಯುತ್ತದೆ. ಪ್ರತ್ಯಕ್ಷಕ್ಕಿಂತ ಪ್ರಮಾಣ ಬೇಕೆ? “ಅಪ್ಪಾ, ಈ ಫೋಟೋದಾಗ ಅಜ್ಜಾನ ಹಣಿ ಮ್ಯಾಲಿನ ಕುಂಕಮಾನೂ ಕಪ್ಪೈತಿ” ಎಂದಳು ಮಗಳು. ಕಪ್ಪು–ಬಿಳುಪಿನ ಫೋಟೋವನ್ನು ಬಣ್ಣದ ಸಾಕ್ಷಿಯಾಗಿ ಬಳಸುವ ದೋಷ ಇನ್ನೂ ದೊಡ್ಡ ದೊಡ್ಡ ಸಂಶೋಧನೆಗಳಲ್ಲೂ ಆಗಿದೆ, ಹಿರಿಯರನ್ನು ಇಲ್ಲಿ ಹೆಚ್ಚು ನೋಯಿಸಬೇಕಾಗಿಲ್ಲ.

ಕಿರಿಯ ಸಂಪಾದಕಿ ವಾದಕ್ಕೆ ನಿಲ್ಲದೆ ಉತ್ಖನನಕ್ಕಿಳಿದಳು. ಮಗ್ಗುಲಿನ ಟೂಲ್ ಬಾಕ್ಸಿನ ಮುಚ್ಚಳದ ಒಳಮೈ, ಬಿಸಿಲು ಕಾಣದ ಜಾಗ. ನೀರು ಹಚ್ಚಿದ ಪಾಲಿಶ್ ಕಾಗದದಿಂದ ರೂಪಾಯಿಯಗಲ ತಿಕ್ಕಿದಳು. ಮೊದಲು ಹಸಿರು ಪುಡಿ. ಅದರ ಕೆಳಗೆ ಬೆಳ್ಳಿ ಬಣ್ಣ. ಇದು ಯಾರ ಕಾಲದ್ದೆಂದು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಕಾಕಾನ ಲಗ್ನದ ಮುಂದೆ ಹಚ್ಚಿರಬಹುದೆಂದು ಒಂದು ಊಹೆ. ಅದರ ಕೆಳಗೆ, ತೊಳೆದ ಹುಣಸೆಬೀಜದಂಥ ಗಾಢ ಮರೂನ್. ಮೈಸೂರಿನ ಜಾವಾ ಎಂದರೆ ಊರೂರು ನೆನೆಯುವ ಬಣ್ಣವೇ ಅದು, ಮರೂನ್ ಟ್ಯಾಂಕಿಗೆ ಕ್ರೋಮಿನ ಮಗ್ಗುಲು. ಹಿರಿಯ ಸಂಪಾದಕರು ಆ ರೂಪಾಯಿಯಗಲದ ಬಣ್ಣವನ್ನು ಬಹಳ ಹೊತ್ತು ನೋಡಿ, “ನಮ್ಮಪ್ಪಗ ಕೆಂಪ ಸೇರತಿತ್ತು ಬಿಡ” ಎಂದರು. ಸಿದ್ಧಾಂತ ಕೈಬಿಡುವಾಗ ಇಷ್ಟು ಘನತೆ ತೋರಿದ ವಿದ್ವಾಂಸರು ವಿರಳ.

ಪ್ರಕ್ಷಿಪ್ತಗಳ ಮಾತು ಬೇಗ ಮುಗಿಸಬಹುದು. ಬುಲೆಟ್ಟಿನ ಹಾರ್ನ್, ರಾಜದೂತಿನ ಕನ್ನಡಿ, ಲೂನಾದ ಗ್ರಿಪ್, ಪಂಪ್‌ಸೆಟ್ಟಿನ ವಾಯರು ಎಲ್ಲ ಇದರಲ್ಲಿ ಸೇರಿದ್ದವು. ಹುಬ್ಬಳ್ಳಿಯ ಗುಜರಿಯಲ್ಲಿ ಮೂಲ ಸಾಮಾನು ಹುಡುಕಿದ್ದಾಯಿತು, ಸಿಗದ ಕಡೆ ಪ್ರಕ್ಷಿಪ್ತವನ್ನೇ ಉಳಿಸಲಾಯಿತು. ಕಾರ್ಖಾನೆಯೇ ಮುಚ್ಚಿದ ಮೇಲೆ ಶುದ್ಧಪಾಠದ ಹಟ ಹಿಡಿದರೆ ಗಾಡಿಯ ಬದಲು ಪಟ್ಟಿ ಮಾತ್ರ ಉಳಿಯುತ್ತದೆ.

ಸೈಲೆನ್ಸರಿನ ಪ್ರಕರಣ ಮಾತ್ರ ವಿಸ್ತಾರ ಬೇಡುತ್ತದೆ. ಈ ಗಾಡಿಯ 250 ಸಿ.ಸಿ. ಎಂಜಿನ್ನಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಟೂ ಸ್ಟ್ರೋಕ್ ಎಂಜಿನ್ ಪೆಟ್ರೋಲಿನ ಜೊತೆ ಆಯಿಲನ್ನೂ ಸುಡುತ್ತದೆ, ಪೂರ್ತಿ ಸುಡುವುದಿಲ್ಲ. ಉಳಿದದ್ದು ಕಿಟ್ಟವಾಗಿ ಸೈಲೆನ್ಸರಿನಲ್ಲಿ ಕೂತು ಉಸಿರು ಕಟ್ಟಿಸುತ್ತದೆ. ಮಿಸ್ತ್ರಿಗಳ ಸಂಪ್ರದಾಯದಂತೆ ಅದನ್ನು ಬಿಚ್ಚಿ ಬೆಂಕಿಗಿಟ್ಟು ಸುಡಬೇಕು. ಹಿತ್ತಲಲ್ಲಿ ಹತ್ತಿಕಟ್ಟಿಗೆ ಉರಿ ಹಾಕಿ ಎರಡನ್ನೂ ಇಟ್ಟರು. ಬಲಗಡೆಯದು ಬರೀ ಹೊಗೆ ಬಿಟ್ಟಿತು. ಎಡಗಡೆಯದು ಸ್ವಲ್ಪ ಹೊತ್ತಿಗೆ ಚಟಪಟ ಎನ್ನತೊಡಗಿತು. ಎಂಜಿನ್ ಇಲ್ಲದೆ ಸೈಲೆನ್ಸರ್ ತಾನೇ ಚಾಲೂ ಆಯಿತೆಂದು ಹಿರಿಯ ಸಂಪಾದಕರು ಎರಡು ಹೆಜ್ಜೆ ಹಿಂದೆ ಸರಿದರು. ಬಾಯಿಂದ ಮೊದಲು ಒಂದು, ಆಮೇಲೆ ಹತ್ತು, ಆಮೇಲೆ ಬೊಗಸೆಗಟ್ಟಲೆ, ಮಸಿ ಮೆತ್ತಿದ ಜೋಳದ ಅಳ್ಳು. ಇಲಿ ವರ್ಷಾನುಗಟ್ಟಲೆ ಕೂಡಿಟ್ಟ ಹಗೇವು ಅದು. “ಪಂಚಮಿ ಇನ್ನೂ ದೂರೈತಿ” ಎಂದು ಅವ್ವ ಬಾಗಿಲಲ್ಲಿ ನಿಂತು ಹೇಳಿದಳು. ಯೋಜನೆಯ ಬಗ್ಗೆ ಆಕೆ ಆಡಿದ ಮೊದಲ ಮೃದುವಾದ ಮಾತು. ಇಲಿ ಎಡಗಡೆಯದನ್ನೇ ಯಾಕೆ ಆರಿಸಿತು ಎಂಬುದಕ್ಕೆ ಎರಡು ಮತಗಳಿವೆ: ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ಎಡಕ್ಕೆ ವಾಲಿತ್ತು, ಹತ್ತಲು ಸುಲಭ ಎಂಬುದು ಒಂದು, ಬಲಗಡೆ ದನದ ಗ್ವಾದಲಿ ಇತ್ತು ಎಂಬುದು ಇನ್ನೊಂದು. ಎರಡೂ ಸಮರ್ಪಕವೇ.

ಮೌಖಿಕ ಪರಂಪರೆಗೂ ಲಿಖಿತ ಪರಂಪರೆಗೂ ನೇರ ಕುಸ್ತಿ ನಡೆದದ್ದು ಪಾಯಿಂಟಿನ ಮೇಲೆ. ಕಿಡಿ ಹಾರಿಸುವ ಈ ಸಣ್ಣ ತುಟಿಗಳು ಪೂರ್ತಿ ತೆರೆದಾಗ ನಡುವೆ 0.4 ಮಿ.ಮೀ. ಸಂದಿ ಇರಬೇಕು. ಕಡಿಮೆಯಾದರೂ ಹೆಚ್ಚಾದರೂ ಕಿಡಿಯ ಹೊತ್ತು ತಪ್ಪಿ ಗಾಡಿ ಕೆಮ್ಮುತ್ತದೆ. ಕಿರಿಯ ಸಂಪಾದಕಿ ಫೀಲರ್ ಗೇಜ್ ತರಿಸಿದಳು. ಹಿರಿಯರು ಟ್ರಂಕಿನಿಂದ ತಮ್ಮದೇ ಲಗ್ನಪತ್ರಿಕೆ ತಂದರು, “ನಮ್ಮ ಉಸ್ತಾದ ಇದನ್ನ ಸಂದ್ಯಾಗ ಹಾಕಿ ನೋಡ್ತಿದ್ದ, ಜಗ್ಗಿದರ ಹಗೂರಕ ಬರಬೇಕ.” ಗೇಜಿನಿಂದ ಸರಿಪಡಿಸಿದ ಸಂದಿಯಲ್ಲಿ ಪತ್ರಿಕೆ ಹಾಕಿ ಜಗ್ಗಿದರು. ಹಗೂರಕ ಬಂತು. ಇಬ್ಬರೂ ಗೆದ್ದ ಈ ಫಲಿತಾಂಶ ಇಬ್ಬರಿಗೂ ಸಮಾಧಾನ ತರಲಿಲ್ಲ. ಪತ್ರಿಕೆಯ ಮೂಲೆಯಲ್ಲಿ ಗಣಪತಿಯ ಪಕ್ಕ ಗ್ರೀಸ್ ಹತ್ತಿದ್ದನ್ನು ಅವ್ವ ರಾತ್ರಿ ನೋಡಿದಳು; ಮುಂದಿನದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಆಯಿಲಿನ ಪ್ರಮಾಣದಲ್ಲೂ ಹಾಗೇ. 1:25 ಎಂದರೆ ಲೀಟರ್ ಪೆಟ್ರೋಲಿಗೆ 40 ಎಂ.ಎಲ್. ಅಪ್ಪನ ಪಾಠದಲ್ಲಿ ಅದು “ಎರಡ ಬೂಚ, ಮ್ಯಾಲ ಒಂದೀಟ.” ಮಗಳು ಕೆಮ್ಮಿನ ಔಷಧದ ಬಾಟಲಿಯ 10 ಎಂ.ಎಲ್. ಮುಚ್ಚಳವನ್ನು ಪ್ರಮಾಣಗ್ರಂಥವಾಗಿ ಸ್ವೀಕರಿಸಿದಳು. ಒರೆಸಲು ಬೈಲಹೊಂಗಲದ ಹತ್ತಿಯೇ ಇರುವಾಗ ಕೊರತೆಯೇನು, ಆದರೂ ಕೊನೆಯ ಹೊಳಪಿಗೆ ಅವ್ವನ ಹಳೆ ರಾಮದುರ್ಗದ ಸೀರೆಯ ತುಂಡೇ ಆಗಬೇಕೆಂಬ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ.

ಚಾಲೂ ಮಾಡುವ ವಿಧಿ ಪರಕೀಯರಿಗೆ ಅರ್ಥವಾಗದ್ದು. ಜಾವಾ ವಂಶದಲ್ಲಿ ಗೇರ್ ಲಿವರೂ ಕಿಕ್ಕೂ ಒಂದೇ. ಎಡಗಾಲ ಬಳಿಯ ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿದರೆ ಅದು ಕಿಕ್, ಚಾಲೂ ಆದ ಮೇಲೆ ಮುಂದಕ್ಕೆ ಮಡಚಿದರೆ ಗೇರ್. ಅಪ್ಪ ಒದ್ದರು. ಮತ್ತೆ ಒದ್ದರು. ಆಮೇಲೆ ಮಗಳು ಪ್ಲಗ್ ಬಿಚ್ಚಿ ಒರೆಸಿ ಹಾಕಿ ಒದ್ದಳು. ನೀಲಿ ಹೊಗೆ ತುಂಬಿ ಎಮ್ಮೆ ಕಣ್ಣಿ ಹರಿದುಕೊಂಡಿತು. ಮೊದಲು ಚಾಲೂ ಮಾಡಿದ್ದು ಯಾರು ಎಂಬ ಕರ್ತೃತ್ವದ ಪ್ರಶ್ನೆ ಆ ಹೊಗೆಯಲ್ಲೇ ಹುಟ್ಟಿತು. ಒದ್ದು ಒದ್ದು ಸಡಿಲ ಮಾಡಿಟ್ಟವರು ತಾವೆಂದು ಅಪ್ಪ ಇವತ್ತಿಗೂ ವಾದಿಸುತ್ತಾರೆ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 4ನೇ ಕಲಮಿನಂತೆ ಹದಿನಾರು ತುಂಬಿದವರು 50 ಸಿ.ಸಿ. ಮೀರದ ಗಾಡಿ ಮಾತ್ರ ಓಡಿಸಬಹುದು, ಉಳಿದವಕ್ಕೆ ಹದಿನೆಂಟು. ಕಾರ್ಖಾನೆಯವರೇ ಮಾಡಿದ ಯೆಜ್ಡಿ 60 ಕೂಡ 10 ಸಿ.ಸಿ. ಮೀರಿ ನಿಂತಿದೆ. ಅಪ್ರಾಪ್ತರು ಓಡಿಸಿ ಸಿಕ್ಕಿಬಿದ್ದರೆ 2019ರಲ್ಲಿ ಸೇರಿಸಿದ 199ಎ ಕಲಮಿನಂತೆ ಪಾಲಕರಿಗೆ 3 ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ. ಗಾಡಿಯ ನೋಂದಣಿಯೂ 12 ತಿಂಗಳು ರದ್ದು. ಅಂದರೆ ಸಂಪಾದಿಸಿದ ಕೃತಿಯನ್ನು ಓದುವ ಹಕ್ಕು ಸಂಪಾದಕಿಗೇ ಇಲ್ಲ. ವಿದ್ವತ್ ಪ್ರಪಂಚದಲ್ಲಿ ಇದಕ್ಕೆ ಸಾಟಿಯಾದ ಅನ್ಯಾಯ ಹುಡುಕಿದರೂ ಸಿಗದು.

ಹಿರಿಯರಿಗೂ ಸಲೀಸಲ್ಲ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮ ತಂದಿತು. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ವಿ.ಎ. ಅಕ್ಷರಗಳು, ಮೊದಲೇ ನೋಂದಣಿ ಇದ್ದರೆ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು. ಅಜ್ಜನ ನಂಬರು ಬಿಟ್ಟುಕೊಡಬೇಕಾಗಿಲ್ಲ ಎಂಬ ಸಂತೋಷಕ್ಕೆ ಅಪ್ಪ ಫಾರಂ ತುಂಬಿದರು. ಆಮೇಲೆ ಮಗಳು ಉಳಿದ ನಿಯಮ ಓದಿ ಹೇಳಿದಳು. ಇಂಥ ಗಾಡಿ ದಿನನಿತ್ಯದ ಓಡಾಟಕ್ಕಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಮತ್ತು ತಾಂತ್ರಿಕ ಸಂಶೋಧನೆ, ಇಷ್ಟಕ್ಕೆ ರಸ್ತೆಗಿಳಿಯಬಹುದು. ಸಂತೆಗೆ ಹೋಗಿ ಬದನೆಕಾಯಿ ತರುವಂತಿಲ್ಲ.

ಅಪ್ಪ ನಿಯಮವನ್ನು ಎರಡು ಸಲ ಓದಿಸಿಕೊಂಡರು. ಈಗ ಸಂಜೆಯಾದರೆ ಹೆಲ್ಮೆಟ್ಟು ಎರಡೂ ಹೊರಗೆ ಬರುತ್ತವೆ. ಪಂಪಿನಲ್ಲಿ ಹಾಕಿಸುವುದು ಅರ್ಧ ಲೀಟರ್ ಮಾತ್ರ, ಟ್ಯಾಂಕು ತುಂಬಿಸಿದರೆ ನಾಳೆ ಬರಲು ಕಾನೂನಿನ ಕಾರಣ ಉಳಿಯುವುದಿಲ್ಲ. ಅರ್ಧ ಲೀಟರಿಗೆ 20 ಎಂ.ಎಲ್., ಎರಡು ಮುಚ್ಚಳ. ಆಯಿಲ್ ಮೊದಲು ಸುರಿದರೆ ಪೆಟ್ರೋಲಿನ ಧಾರೆಗೆ ತಾನೇ ಬೆರೆಯುತ್ತದೆಂದು ಕಿರಿಯ ಸಂಪಾದಕಿ. ಪೆಟ್ರೋಲ್ ಮೇಲೆ ಸುರಿದು ಗಾಡಿ ಅಲ್ಲಾಡಿಸಬೇಕೆಂದು ಹಿರಿಯರು. ಒಬ್ಬರು ಮುಚ್ಚಳ ಹಿಡಿದು ನಿಂತಿರುತ್ತಾರೆ, ಇನ್ನೊಬ್ಬರು ಹ್ಯಾಂಡಲ್ ಹಿಡಿದು ಗಾಡಿಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿರುತ್ತಾರೆ, ಹಿಂದೆ ಟ್ರ್ಯಾಕ್ಟರಿನವನು ಹಾರ್ನ್ ಒತ್ತಿ ಕೇಳುತ್ತಾನೆ: “ಸಂಶೋಧನಾ ಮುಗೀತೇನ್ರೀ?”